ಭಾನುವಾರ ಬೆಳಗ್ಗೆ ಗೆಳೆಯರ ಜೊತೆ ಸ್ಪಾರಿಂಗ್: ಎಷ್ಟು ಜೋರು, ಯಾರ ರೂಲ್ಸು? (ದಾವಣಗೆರೆ)

ಬ್ರೌನ್‌ಬೆಲ್ಟ್ ವಿದ್ಯಾನಗರ

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಗೆಳೆಯರು, ಎಲ್ಲರದೂ ಮೂವತ್ತರ ಆಚೆ ಈಚೆ ವಯಸ್ಸು. ನಾನು ಕಾಲೇಜು ಮುಗಿಯುವವರೆಗೆ ಕರಾಟೆ ಮಾಡಿದವನು. ಒಬ್ಬ ಬಾಕ್ಸಿಂಗ್ ಕಲಿಯುತ್ತಿದ್ದಾನೆ, ಒಬ್ಬ ಟೇಕ್ವಾಂಡೋ. ಇನ್ನೊಬ್ಬ ಹಳೇಪೇಟೆಯ ಗರಡಿಯಲ್ಲೇ ಬೆಳೆದವನು. ಐದನೆಯವನಿಗೆ ಏನೂ ಬರುವುದಿಲ್ಲ, ಉತ್ಸಾಹ ಮಾತ್ರ ಅವನದೇ ಜಾಸ್ತಿ.

ಭಾನುವಾರ ಬೆಳಗ್ಗೆ ಕುಂದವಾಡ ಕೆರೆ ಹತ್ತಿರ ಸೇರುತ್ತೇವೆ. ಒಂದು ಸುತ್ತು ಓಟ, ಆಮೇಲೆ ಸ್ಪಾರಿಂಗ್ (ಇಬ್ಬರು ಎದುರುಬದುರು ನಿಂತು ಮಾಡುವ ಅಭ್ಯಾಸದ ಹೊಡೆದಾಟ), ಕೊನೆಗೆ ಬೆಣ್ಣೆ ದೋಸೆ. ದೋಸೆ ವಿಷಯದಲ್ಲಿ ಜಗಳವಿಲ್ಲ. ತಕರಾರೆಲ್ಲ ಸ್ಪಾರಿಂಗ್‌ನಲ್ಲೇ.

ಶುರುವಿನಲ್ಲಿ ಎಲ್ಲರೂ ನಗುನಗುತ್ತಾ ಇರುತ್ತೇವೆ. ಯಾರದೋ ಒಂದು ಏಟು ಸ್ವಲ್ಪ ಜೋರಾಗಿ ಬೀಳುತ್ತದೆ. ತಿಂದವನು ಅದಕ್ಕಿಂತ ಸ್ವಲ್ಪ ಜೋರಾಗಿ ವಾಪಸ್ ಕೊಡುತ್ತಾನೆ. ಎರಡು ನಿಮಿಷ ಆಗುವಷ್ಟರಲ್ಲಿ ಇಬ್ಬರ ಮುಖದಲ್ಲೂ ನಗು ಇರುವುದಿಲ್ಲ. "ನೀನೇ ಮೊದಲು ಜೋರು ಮಾಡಿದ್ದು" ಅನ್ನುವ ಪಂಚಾಯ್ತಿ ದೋಸೆ ಮುಗಿಯುವವರೆಗೂ ನಡೆಯುತ್ತದೆ.

ಇನ್ನೊಂದು ತೊಂದರೆ, ನಮ್ಮ ರೂಲ್ಸು ಒಂದಕ್ಕೊಂದು ಹೊಂದುವುದಿಲ್ಲ. ನಾನು ಒಂದು ಪಂಚ್ ಮುಟ್ಟಿಸಿ ಹಿಂದಕ್ಕೆ ಸರಿಯುತ್ತೇನೆ, ಕುಮಿತೆಯಲ್ಲಿ, ಅಂದರೆ ಕರಾಟೆ ಪಂದ್ಯದಲ್ಲಿ, ಅಲ್ಲಿಗೆ ರೆಫರಿ "ಯಾಮೆ" (ನಿಲ್ಲಿಸಿ) ಅನ್ನುತ್ತಾರೆ. ಬಾಕ್ಸಿಂಗ್ ಗೆಳೆಯನಿಗೆ ಯಾಮೆಯೂ ಇಲ್ಲ, ಗೀಮೆಯೂ ಇಲ್ಲ. ಪಾಯಿಂಟ್ ಬಂತು ಅಂತ ನಾನು ನಿಲ್ಲುವಷ್ಟರಲ್ಲಿ ಅವನು ಮೂರು ಕೊಟ್ಟಿರುತ್ತಾನೆ. ಟೇಕ್ವಾಂಡೋದವನು ಕೈ ಸೊಂಟದ ಹತ್ತಿರ ಇಟ್ಟುಕೊಂಡೇ ಆಡುತ್ತಾನೆ, ಅವರಲ್ಲಿ ಮುಖಕ್ಕೆ ಪಂಚ್ ಇಲ್ಲವಲ್ಲ. ಗರಡಿಯವನು ಕಾಲಿಗೆ ಕೈ ಹಾಕಿದನೋ, ನಮ್ಮೆಲ್ಲರ ವಿದ್ಯೆ ಅಲ್ಲಿಗೆ ಮುಗಿಯಿತು.

ಕೋಚ್ ಇಲ್ಲ. ಸ್ಪರ್ಧೆಗೆ ಹೋಗುವ ಆಸೆಯೂ ಇಲ್ಲ. ಆಟ ಆಟವಾಗೇ ಇರಬೇಕು, ಸ್ವಲ್ಪ ಕಲಿತ ಹಾಗೂ ಆಗಬೇಕು. ನೀವೆಲ್ಲ ಹೇಗೆ ಮಾಡುತ್ತೀರಿ?

ಮಂಡಕ್ಕಿ ಮಿರ್ಚಿ

ದೋಸೆ ಮೊದಲು ತಿಂದುಬಿಡಿ ಗುರು. ಹೊಟ್ಟೆ ಭಾರ ಆದರೆ ಯಾರಿಗೂ ಜೋರಾಗಿ ಹೊಡೆಯಲು ಆಗುವುದಿಲ್ಲ. ಸಮಸ್ಯೆ ಮುಗಿಯಿತು.

ಎಡಗೈ ಬಾಕ್ಸರ್

ಮೊದಲು ನಿಮ್ಮ ಬಾಕ್ಸಿಂಗ್ ಗೆಳೆಯ ಯಾವ ಗ್ಲೌಸ್ ಹಾಕುತ್ತಾನೆ ನೋಡಿ. ಬ್ಯಾಗ್‌ಗೆ ಹೊಡೆಯುವ ತೆಳು ಗ್ಲೌಸ್ ಹಾಕಿಕೊಂಡು ಮನುಷ್ಯರಿಗೆ ಹೊಡೆಯಬಾರದು. ಸ್ಪಾರಿಂಗ್‌ಗೆ 16 ಔನ್ಸ್ ಗ್ಲೌಸ್ ಬೇಕು. ಒಂದೊಂದು ಸುಮಾರು 450 ಗ್ರಾಂ ತೂಗುತ್ತದೆ. ಒಳಗಿನ ಸ್ಪಂಜು ಒತ್ತಿ ನೋಡಿ. ಗಂಟು ಮೂಳೆ ಬರುವ ಜಾಗದಲ್ಲಿ ಸ್ಪಂಜು ಚಪ್ಪಟೆಯಾಗಿ ಬೆರಳಿಗೆ ಗಟ್ಟಿ ತಾಗಿದರೆ ಆ ಗ್ಲೌಸ್‌ನ ಆಯಸ್ಸು ಮುಗಿದಿದೆ. ಒಳಗೆ ಕೈಗೆ ಬಟ್ಟೆ ಪಟ್ಟಿ ಸುತ್ತಿಕೊಳ್ಳಲೇಬೇಕು. ಕಿರುಬೆರಳ ಹಿಂದಿನ ಮೂಳೆ ಮುರಿದುಕೊಂಡು ಬರುವವರು ಬಹಳ.

ಹೆಡ್‌ಗಾರ್ಡ್ ಇದೆ ಅಂತ ಧೈರ್ಯ ಮಾಡಬೇಡಿ. 1984ರ ಒಲಿಂಪಿಕ್ಸ್‌ನಿಂದ ಇದ್ದ ಹೆಡ್‌ಗಾರ್ಡನ್ನು 2016ರ ರಿಯೋದಲ್ಲಿ ಪುರುಷರ ಬಾಕ್ಸಿಂಗ್‌ನಿಂದ ತೆಗೆದುಹಾಕಿದರು. ಅದು ಹುಬ್ಬು ಒಡೆಯುವುದನ್ನು, ಚರ್ಮ ಕಿತ್ತು ಬರುವುದನ್ನು ಕಡಿಮೆ ಮಾಡುತ್ತದೆ. ತಲೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಹೆಡ್‌ಗಾರ್ಡ್ ಹಾಕಿದ ತಕ್ಷಣ ಎದುರಿನವನಿಗೂ "ಹೊಡೆದರೆ ಏನಾಗುತ್ತೆ" ಅನ್ನಿಸುತ್ತದೆ, ಅದು ಬೇರೆ ಕಷ್ಟ.

ನಾನು ಮೊದಲು ಹೋಗುತ್ತಿದ್ದ ಒಂದು ಜಾಗದಲ್ಲಿ ಹೊಸಬರನ್ನು ಮೊದಲ ವಾರವೇ ಸೀನಿಯರ್ ಎದುರು ರಿಂಗಿಗೆ ಬಿಡುತ್ತಿದ್ದರು. "ಭಯ ಬಿಡಿಸೋದು" ಅಂತ ಹೆಸರು. ಭಯ ಹೋಗುತ್ತಿರಲಿಲ್ಲ, ಹುಡುಗರೇ ಹೋಗುತ್ತಿದ್ದರು. ಮುಂದಿನ ವಾರ ಯಾರೂ ಬರುತ್ತಿರಲಿಲ್ಲ. ನಿಮ್ಮ ಐದನೇ ಗೆಳೆಯನಿಗೆ ಹಾಗೆ ಮಾಡಬೇಡಿ.

ನನ್ನ ಮಾತು ಕೇಳಿದರೆ ಮುಖಕ್ಕೆ ಹೊಡೆಯುವುದನ್ನೇ ಬಿಡಿ. ಭುಜದಿಂದ ಕೆಳಗೆ, ಸೊಂಟದಿಂದ ಮೇಲೆ. ಸೋಮವಾರ ಕೆಲಸಕ್ಕೆ ಹೋಗಬೇಕಲ್ವಾ?

ಹಳೇಪೇಟೆ ಪೈಲ್ವಾನ್

ತಮ್ಮಾ, ನೀವು ಇಂಗ್ಲಿಷ್‌ನಲ್ಲಿ ಸ್ಪಾರಿಂಗ್ ಅನ್ನುವುದನ್ನು ನಾವು ಗರಡಿಯಲ್ಲಿ ಜೋರ್ ಮಾಡುವುದು ಅನ್ನುತ್ತೇವೆ. ಹೆಸರು ಜೋರ್, ಆದರೆ ಅದು ಜಾತ್ರೆ ಕುಸ್ತಿ ಅಲ್ಲ.

ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಆಗುತ್ತದೆ, ಅದರ ಹಿಂದೆಯೇ ಬಯಲು ಜಂಗಿ ಕುಸ್ತಿ. ಅಲ್ಲಿ ಜನ, ಹಲಗೆ ಸದ್ದು, ಬಹುಮಾನ. ಅಲ್ಲಿ ಯಾರೂ ಯಾರಿಗೂ ಬಿಟ್ಟುಕೊಡುವುದಿಲ್ಲ, ಬಿಡಲೂಬಾರದು. ಗರಡಿಯೊಳಗೆ ದಿನಾ ಮಾಡುವ ಜೋರ್ ಬೇರೆ. ಮೊದಲು ಗುದ್ದಲಿ ಹಿಡಿದು ಮಟ್ಟಿ (ಕುಸ್ತಿ ಆಡುವ ಮಣ್ಣಿನ ಅಂಕಣ) ಅಗೆಯಬೇಕು. ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಸೇರಿಸಿ ಹದ ಮಾಡಿರುತ್ತಾರೆ. ಹಿಡಿಯಲ್ಲಿ ಒತ್ತಿದರೆ ಉಂಡೆ ಆಗಬೇಕು, ಬಿಟ್ಟರೆ ಉದುರಬೇಕು. ಅಗೆಯುವುದರಲ್ಲೇ ಅರ್ಧ ಉಸಿರು ಹೋಗಿರುತ್ತದೆ. ಸಿಟ್ಟು ಮಾಡಿಕೊಳ್ಳಲು ಶಕ್ತಿಯೇ ಉಳಿದಿರುವುದಿಲ್ಲ!

ಆಮೇಲೆ ದೊಡ್ಡ ಪೈಲ್ವಾನ್ ಚಿಕ್ಕವನ ಕೈಗೆ ತನ್ನ ಕಾಲು ಕೊಟ್ಟು "ಹಿಡಿ" ಅನ್ನುತ್ತಾನೆ. ಹಿಡಿದ ಮೇಲೆ ಸ್ವಲ್ಪ ತಡೆಯುತ್ತಾನೆ. ಪಟ್ಟು ಸರಿ ಹಾಕಿದರೆ ಬೀಳುತ್ತಾನೆ, ತಪ್ಪಿದರೆ ಬೀಳುವುದಿಲ್ಲ. ಎತ್ತಿ ಒಗೆಯುವುದಿಲ್ಲ. ಅವನು ಎಷ್ಟು ತಡೆಯಬೇಕು ಅಂತ ಬದಿಯಲ್ಲಿ ನಿಂತ ಉಸ್ತಾದರು ಕಣ್ಣಲ್ಲೇ ಹೇಳುತ್ತಾರೆ. ಎಷ್ಟು ಸಲ ಬಿದ್ದೆ, ಎಷ್ಟು ಸಲ ಬೀಳಿಸಿದೆ ಅಂತ ಲೆಕ್ಕ ಇಡುವವರಿಲ್ಲ.

ನಿಮ್ಮಲ್ಲಿ ಇಲ್ಲದಿರುವುದು ಆ ಬದಿಯಲ್ಲಿ ನಿಲ್ಲುವ ಮನುಷ್ಯ. ಐದು ಜನ ಇದ್ದೀರಿ. ಇಬ್ಬರು ಆಡಿದರೆ ಒಬ್ಬ ಸುಮ್ನೆ ಮೊಬೈಲ್ ನೋಡದೆ ನಿಂತು ನೋಡಲಿ, "ಸಾಕು" ಅನ್ನುವ ಅಧಿಕಾರ ಅವನಿಗೆ ಕೊಡಿ.

ನೀಲಿ ಪಟ್ಟಿ

ಪೈಲ್ವಾನಣ್ಣನ ಮಾತು ಸರಿ. ಜೂಡೋದಲ್ಲೂ ಹಾಗೆಯೇ. ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ತಮ್ಮ ಶಾಲೆ ಕೊಡೊಕಾನ್ ಶುರು ಮಾಡಿದಾಗಿನಿಂದ ರಂದೋರಿ ಬೇರೆ, ಶಿಯಾಯಿ ಬೇರೆ. ಮೊದಲನೆಯದು ಅಭ್ಯಾಸದ ಹಿಡಿತ, ಎರಡನೆಯದು ಪಂದ್ಯ.

ನಾನು ಜೂಡೋದಿಂದ ಜಿಯು-ಜಿತ್ಸುಗೆ (ನೆಲದ ಮೇಲೆ ಕುತ್ತಿಗೆ, ಕೈಕಾಲು ಬಿಗಿದು ಸೋಲೊಪ್ಪಿಸುವ ಆಟ) ಬಂದವನು, ಕುಸ್ತಿಯವರ ಜೊತೆ ಆಡುವುದೆಂದರೆ ಬಹಳ ಇಷ್ಟ. ಮಜಾ ಏನೆಂದರೆ, ಅವರು ನನ್ನನ್ನು ಬೀಳಿಸಿ ಬೆನ್ನು ನೆಲಕ್ಕೆ ತಾಗಿಸುತ್ತಾರೆ, ಚಿತ್! ಕೈ ಬಿಟ್ಟು ಏಳಲು ಹೋಗುತ್ತಾರೆ. ನನ್ನ ಆಟ ಶುರುವಾಗುವುದೇ ಅಲ್ಲಿಂದ, ಕಾಲು ಆಗಲೇ ಅವರ ಸೊಂಟ ಸುತ್ತಿರುತ್ತದೆ. ಇನ್ನೊಂದು ಕಡೆ, ಅವರು ಕೆಳಗೆ ಬಿದ್ದರೆ ಬೆನ್ನು ನೆಲಕ್ಕೆ ತಾಗಬಾರದು ಅಂತ ಬೋರಲು ತಿರುಗುತ್ತಾರೆ. ಕುಸ್ತಿಯಲ್ಲಿ ಅದೇ ಸರಿ. ನಮ್ಮಲ್ಲಿ ಬೆನ್ನು ಕೊಟ್ಟರೆ ಕುತ್ತಿಗೆ ಕೊಟ್ಟ ಹಾಗೆ. ಜೂಡೋದಲ್ಲಂತೂ 2010ರಿಂದ ಕಾಲಿಗೆ ಕೈ ಹಾಕುವುದಕ್ಕೆ ಕಡಿವಾಣ ಬಿತ್ತು, 2013ರಲ್ಲಿ ಪೂರ್ತಿ ನಿಂತಿತು. ಹಾಗಾಗಿ ಜೂಡೋದವನಿಗೆ ಕಾಲು ಕಾಯುವ ಅಭ್ಯಾಸವೇ ತಪ್ಪಿರುತ್ತದೆ.

ಅದಕ್ಕೇ "ಎಲ್ಲ ಬಿಟ್ಟು ಆಡೋಣ" ಅನ್ನುವುದು ಬೇಡ. ಒಂದು ಸುತ್ತು ಒಬ್ಬರ ರೂಲ್ಸಿನಲ್ಲಿ ಆಡಿ. ಈ ಎರಡು ನಿಮಿಷ ಕುಸ್ತಿ, ಮುಂದಿನ ಎರಡು ನಿಮಿಷ ಟೇಕ್ವಾಂಡೋ. ಅವರವರ ಸುತ್ತಿನಲ್ಲಿ ಅವರೇ ಮೇಷ್ಟ್ರು.

ನೆಲದ ಬಗ್ಗೆ ಒಂದು ಮಾತು. ಕೆರೆ ಏರಿ ಮೇಲೆ, ಮನೆ ತಾರಸಿ ಮೇಲೆ ಬೀಳಿಸುವ ಆಟ ಖಂಡಿತ ಬೇಡ. ಗುದ್ದಿಗಿಂತ ಸಿಮೆಂಟಿಗೆ ತಲೆ ತಾಗುವುದೇ ದೊಡ್ಡ ಅಪಾಯ. ಜೋಡಿಸುವ ಫೋಮ್ ಮ್ಯಾಟ್ ಸಿಗುತ್ತದೆ, 1 ಮೀಟರ್ ಚೌಕದ್ದು. ಬೀಳುವ ಆಟಕ್ಕೆ 40 ಮಿ.ಮೀ. ದಪ್ಪದ್ದು ತೆಗೆದುಕೊಳ್ಳಿ. 20 ಮಿ.ಮೀ. ನಿಂತು ಆಡುವುದಕ್ಕೆ ಮಾತ್ರ.

ದುರ್ಗದ ಕಿಕ್

ನಾನು ಚಿತ್ರದುರ್ಗದವಳು, ಟೇಕ್ವಾಂಡೋ. (ಊರು ಹೇಳಿದ ತಕ್ಷಣ "ಓಬವ್ವನ ಊರಿನವರು, ಹುಷಾರಪ್ಪ" ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಒನಕೆ ನನ್ನ ಹತ್ತಿರ ಇಲ್ಲ, ಶಿನ್‌ಗಾರ್ಡ್ ಇದೆ.)

ಹುಡುಗರ ಜೊತೆ ಸ್ಪಾರಿಂಗ್ ಮಾಡುವಾಗ ಎರಡು ಜಾತಿಯವರು ಸಿಗುತ್ತಾರೆ. ಒಬ್ಬ ಮುಟ್ಟುವುದೇ ಇಲ್ಲ. ಅವನ ಒದೆ ನನ್ನಿಂದ ಒಂದು ಮೊಳ ದೂರದಲ್ಲೇ ನಿಂತುಹೋಗುತ್ತದೆ. ಮರ್ಯಾದೆ ಇರಬಹುದು, ನನಗೆ ಉಪಯೋಗವಿಲ್ಲ. ಬರದ ಒದೆಯನ್ನು ತಡೆಯುವುದು ಹೇಗೆ ಕಲಿಯಲಿ? ಇನ್ನೊಬ್ಬ ಚೆನ್ನಾಗೇ ಆಡುತ್ತಿರುತ್ತಾನೆ. ನನ್ನ ಒಂದು ಕಿಕ್ ಅವನ ತಲೆಗೆ ತಾಗಲಿ, ನಮ್ಮ ರೂಲ್ಸಿನಲ್ಲಿ ಅದಕ್ಕೆ 3 ಪಾಯಿಂಟ್, ತಿರುಗಿ ಒದ್ದರೆ 5, ಆಮೇಲೆ ನೋಡಬೇಕು ಅವನ ಮುಖ. ಅಲ್ಲಿಂದ ಅವನು ಆಡುತ್ತಿರುವುದು ನನ್ನ ಜೊತೆ ಅಲ್ಲ, ಪಕ್ಕದಲ್ಲಿ ನಿಂತು ನಗುತ್ತಿರುವ ಅವನ ಗೆಳೆಯರ ಜೊತೆ.

ಹಾಗಾಗಿ ನನ್ನ ಸಲಹೆ: ನೋಡುವವರನ್ನು ಕಡಿಮೆ ಮಾಡಿ. ಸ್ಟೇಡಿಯಂನಲ್ಲಿ ವಾಕಿಂಗ್‌ನವರು ನಿಂತು "ಹೊಡಿ, ಹೊಡಿ" ಅಂದರೆ ಸಾಕು, ಎಂಥ ಶಾಂತ ಮನುಷ್ಯನ ಕಾಲೂ ಭಾರ ಆಗುತ್ತದೆ. ಯಾರಾದರೂ ವಿಡಿಯೋ ತೆಗೆದರೆ ಇನ್ನೂ ಜಾಸ್ತಿ. ನಾವು ಆಡುವಾಗ ಮೊಬೈಲೆಲ್ಲ ಒಂದು ಬ್ಯಾಗಿನಲ್ಲಿ. ಟೈಮರ್‌ಗೆ ಒಂದು ಮಾತ್ರ ಹೊರಗೆ.

ಮಂಡಕ್ಕಿ ಮಿರ್ಚಿ

ಅಕ್ಕ, ವಿಡಿಯೋ ಇಲ್ಲ ಅಂದರೆ ನಮ್ಮ ಹುಡುಗರು ಬರುವುದೇ ಇಲ್ಲ.

ದುರ್ಗದ ಕಿಕ್

ಬರದೇ ಇರುವವರು ಯಾರು ಅಂತ ಅದರಿಂದಲೇ ಗೊತ್ತಾಗುತ್ತದೆ ಅಲ್ವಾ 😄

ಫಿಸಿಯೋ ದಾವಣಗೆರೆ

ನಾನು ಇದೇ ಊರಿನಲ್ಲಿ ಫಿಸಿಯೋಥೆರಪಿ ಮಾಡುವವನು. ಮೊದಲು ಆ "ನೀನೇ ಜೋರು ಮಾಡಿದ್ದು" ಜಗಳದ ಬಗ್ಗೆ. ಅದರಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

2003ರಲ್ಲಿ ಲಂಡನ್‌ನ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದ್ದರು. ಇಬ್ಬರನ್ನು ಕೂರಿಸಿ ಒಬ್ಬರ ಬೆರಳನ್ನು ಇನ್ನೊಬ್ಬರು ಸರದಿಯಂತೆ ಒತ್ತಬೇಕು ಅಂದರು. ನಿಮ್ಮ ಬೆರಳ ಮೇಲೆ ಎಷ್ಟು ಬಿತ್ತೋ ಅಷ್ಟೇ ವಾಪಸ್ ಕೊಡಿ, ಅಷ್ಟೇ. ಎದುರಿನವರಿಗೆ ಏನು ಹೇಳಿದ್ದಾರೆ ಅಂತ ಇಬ್ಬರಿಗೂ ಗೊತ್ತಿಲ್ಲ. ಆದರೆ ಪ್ರತಿ ಸರದಿಗೂ ಒತ್ತಡ ಏರುತ್ತಲೇ ಹೋಯಿತು. ಕಾರಣ ಇಷ್ಟೇ: ನಾವೇ ಕೊಡುವ ಬಲವನ್ನು ಮಿದುಳು ಮೊದಲೇ ಲೆಕ್ಕ ಹಾಕಿ, ಕಡಿಮೆ ಮಾಡಿ ತೋರಿಸುತ್ತದೆ. ಹೊರಗಿನಿಂದ ಬಂದದ್ದನ್ನು ಹಾಗೆ ಕಡಿಮೆ ಮಾಡುವುದಿಲ್ಲ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲವಲ್ಲ, ಅದಕ್ಕೂ ಇದೇ ಕಾರಣ.

ಅಂದರೆ ಎಷ್ಟು ಜೋರು ಅನ್ನುವುದನ್ನು ಹೊಡೆದವನ ಹತ್ತಿರ ಕೇಳಲೇಬೇಡಿ. ತಿಂದವನು "ಇಳಿಸು" ಅಂದರೆ ಇಳಿಸಬೇಕು, ವಾದ ಇಲ್ಲ. ವಾಪಸ್ ಕೊಡುವಾಗ ತಿಂದದ್ದಕ್ಕಿಂತ ಕಡಿಮೆ ಅಂತ ನಿಮಗೇ ಅನ್ನಿಸುವಷ್ಟು ಕೊಡಿ. ಆಗ ಸರಿಯಾಗಿ ಅಷ್ಟೇ ಹೋಗುತ್ತದೆ.

ಇನ್ನು ತಲೆ ಪೆಟ್ಟು. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ (ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ) ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ, ಪ್ರಜ್ಞೆ ಇದ್ದೇ ಆಗುವುದು ಜಾಸ್ತಿ. ತಲೆನೋವು, ವಾಕರಿಕೆ, ತಲೆಸುತ್ತು, ಬೆಳಕು ಚುಚ್ಚುವುದು, "ಈಗ ಎಷ್ಟನೇ ರೌಂಡು?" ಅಂತ ಎರಡೆರಡು ಸಲ ಕೇಳುವುದು. ಇದರಲ್ಲಿ ಒಂದು ಕಂಡರೂ ಆ ದಿನದ ಆಟ ಮುಗಿಯಿತು. ಅವನ ಕೈಗೆ ಬೈಕ್ ಕೀ ಕೊಡಬೇಡಿ. ಮುಂದಿನ 24ರಿಂದ 48 ಗಂಟೆ ಓಡಾಟ, ಮೊಬೈಲ್, ಟಿವಿ ಎಲ್ಲ ಕಡಿಮೆ. ಆಮೇಲೆ ಮೆಲ್ಲಗೆ ನಡಿಗೆಯಿಂದ ಶುರು. ಮತ್ತೆ ಏಟು ತಿನ್ನುವ ಆಟಕ್ಕೆ ಡಾಕ್ಟರ್ ಸರಿ ಅಂದ ಮೇಲೆಯೇ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು ಅಥವಾ ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಾಣುವುದು, ಮಾತು ತೊದಲುವುದು, ಇದ್ಯಾವುದಾದರೂ ಇದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ.

ಮೌತ್‌ಗಾರ್ಡ್ ಹಲ್ಲಿಗೆ. ಕನ್ಕಷನ್‌ಗೆ ಅದನ್ನು ನಂಬಬೇಡಿ. ಆದರೆ ಹಲ್ಲಿನ ಖರ್ಚು ನೋಡಿದರೆ ಅಷ್ಟೇ ಸಾಕು ಹಾಕಿಕೊಳ್ಳಲು.

ಹಳೇಪೇಟೆ ಪೈಲ್ವಾನ್

ಡಾಕ್ಟ್ರೇ, ನೀವು ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ಒಂದು ಮಾತು. ಎಲ್ಲವೂ ಮೆತ್ತಗೆ, ಎಲ್ಲವೂ ಮುಟ್ಟಿಸುವುದು ಅಂದರೆ ಅಭ್ಯಾಸ ಹೇಗಾಗುತ್ತದೆ? ಬೆವರು ಬರದ, ಉಸಿರು ಕಟ್ಟದ ಕುಸ್ತಿಯಲ್ಲಿ ಪಟ್ಟು ಬರುವುದಿಲ್ಲ. ಉಜ್ಜಿ ಉಜ್ಜಿ ಊದಿ ಗಂಟು ಕಟ್ಟಿದ ನನ್ನ ಕಿವಿ ನೋಡಿದರೆ ಹುಡುಗರು ಹೆದರುತ್ತಾರೆ, ಅದು ಮೆತ್ತಗೆ ಆಡಿ ಬಂದದ್ದಲ್ಲ.

ಎಡಗೈ ಬಾಕ್ಸರ್

ಅಣ್ಣಾ, ಕುಸ್ತಿಗೂ ಬಾಕ್ಸಿಂಗ್‌ಗೂ ಇರುವ ವ್ಯತ್ಯಾಸವೇ ಅದು. ನೀವು ಎದುರಿನವನನ್ನು ಪೂರ್ತಿ ಬಲ ಹಾಕಿ ಹಿಡಿಯಬಹುದು, ತಳ್ಳಬಹುದು, ಅವನೂ ಪೂರ್ತಿ ಬಲ ಹಾಕಿ ತಡೆಯಬಹುದು. ಹಾಗೆ ಮಾಡಿಯೂ ನಾಳೆ ಮತ್ತೆ ಇಬ್ಬರೂ ಮಟ್ಟಿಗೆ ಬರುತ್ತೀರಿ. ನಮ್ಮ ಆಟದಲ್ಲಿ ಪೂರ್ತಿ ಬಲದ ಗುದ್ದು ಸರಿಯಾಗಿ ಬಿದ್ದರೆ ಎದುರಿನವನ ತಲೆಗೇ ಲೆಕ್ಕ. ಬಲ ತೆಗೆದರೂ ವೇಗ ತೆಗೆಯಬೇಕಾಗಿಲ್ಲ. ವೇಗವಾಗಿ ಹೋಗಿ, ತಾಗುವ ಹೊತ್ತಿಗೆ ಭಾರ ಹಾಕಬೇಡಿ. ಇದು ಜೋರಾಗಿ ಹೊಡೆಯುವುದಕ್ಕಿಂತ ಕಷ್ಟ, ಮಾಡಿ ನೋಡಿ.

ಥಾಯ್ಲೆಂಡಿನ ಮುವಾಯ್ ಥಾಯ್‌ನವರನ್ನು ನೋಡಿ. ಪಂದ್ಯದಲ್ಲಿ ಮೊಣಕೈಯಿಂದ ಹುಬ್ಬು ಸೀಳುವವರು ಅಭ್ಯಾಸದಲ್ಲಿ ನಗುತ್ತಾ, ಕಾಲು ತಾಗಿಸಿ ತೆಗೆಯುತ್ತಾ ಆಡುತ್ತಾರೆ. ಮುಂದಿನ ಪಂದ್ಯಕ್ಕೆ ಮೈ ಉಳಿಸಿಕೊಳ್ಳಬೇಕಲ್ಲ.

ಹಳೇಪೇಟೆ ಪೈಲ್ವಾನ್

ಸರಿ, ಗುದ್ದಿನ ವಿಷಯ ನಿಮಗೇ ಬಿಟ್ಟೆ. ಕುಸ್ತಿ ಸುತ್ತು ಮಾತ್ರ ಮೆತ್ತಗೆ ಮಾಡಬೇಡಿ. ತೂಕ ನೋಡಿ ಜೋಡಿ ಕಟ್ಟಿ. ಎತ್ತಿ ಒಗೆಯುವುದು ಬೇಡ, ಬೆರಳು ತಿರುಚುವುದು ಬೇಡ.

ನೀಲಿ ಪಟ್ಟಿ

ಸೋತೆ ಅಂತ ಕೈ ತಟ್ಟಿದರೆ ಆ ಕ್ಷಣವೇ ಬಿಡಬೇಕು, ಅದನ್ನೂ ಸೇರಿಸಿ. ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲಿ ಹೇಳಿದರೂ ಅದೇ ಲೆಕ್ಕ. ಉಗುರು ಕತ್ತರಿಸಿಕೊಂಡು ಬನ್ನಿ. ಹುಳುಕಡ್ಡಿ ಇದ್ದವರು ವಾಸಿಯಾಗುವವರೆಗೆ ನೆಲದ ಆಟಕ್ಕೆ ಬರಬೇಡಿ, ಒಬ್ಬರಿಂದ ಐದೂ ಜನಕ್ಕೆ ಹಬ್ಬುತ್ತದೆ.

ಏನೂ ಬರದ ಐದನೆಯ ಗೆಳೆಯನಿಗೆ ಆಟ ಚಿಕ್ಕದು ಮಾಡಿ ಕೊಡಿ. ಎದುರಿನವನ ಭುಜ ಮುಟ್ಟುವುದು ಮಾತ್ರ. ಇಲ್ಲವೇ ಮೊಣಕಾಲು ಮುಟ್ಟುವುದು. ಅಥವಾ ಒಂದು ಸುತ್ತು ಒಬ್ಬ ಹೊಡೆಯಲಿ, ಇನ್ನೊಬ್ಬ ತಪ್ಪಿಸಿಕೊಳ್ಳಲಿ, ಆಮೇಲೆ ಅದಲು ಬದಲು. ಮೊಣಕಾಲು ಮುಟ್ಟುವ ಆಟದಲ್ಲಿ ಹಳಬರೂ ಹೊಸಬರಿಗೆ ಸೋಲುತ್ತಾರೆ, ಅದಕ್ಕೇ ಅದು ಮಜಾ. ಕಾಲು ಹಿಂದೆ ತೆಗೆಯಲು ಕಲಿತರೆ ಪೈಲ್ವಾನ್ ಗೆಳೆಯನ ಕೈಗೂ ಸುಲಭಕ್ಕೆ ಸಿಗುವುದಿಲ್ಲ.

ಬ್ರೌನ್‌ಬೆಲ್ಟ್ ವಿದ್ಯಾನಗರ

ಎಲ್ಲರಿಗೂ ಧನ್ಯವಾದ. ಈ ಭಾನುವಾರ ಮಾಡಿ ನೋಡಿದೆವು. ಮ್ಯಾಟ್ ಇನ್ನೂ ಇಲ್ಲ, ಹಾಗಾಗಿ ಬೀಳಿಸುವ ಆಟ ಬಿಟ್ಟು ಉಳಿದದ್ದು.

ಮುಖಕ್ಕೆ ಏಟು ನಿಲ್ಲಿಸಿದೆವು. ಬಾಕ್ಸಿಂಗ್ ಗೆಳೆಯ ಮೊದಲು ಮುಖ ಊದಿಸಿಕೊಂಡ. "ಇಳಿಸು" ಅಂದಾಗಲೂ "ಇದೇನು ಜೋರಾ?" ಅಂತ ಶುರು ಮಾಡಿದ. ಬದಿಯಲ್ಲಿ ನಿಂತಿದ್ದ ಗರಡಿಯವನು "ತಿಂದವನು ಹೇಳಿದ ಮೇಲೆ ಮುಗೀತು" ಅಂತ ಒಂದೇ ಮಾತು ಹೇಳಿದ. ಎರಡು ಸುತ್ತು ಆದ ಮೇಲೆ ಅದೇ ಬಾಕ್ಸಿಂಗ್ ಗೆಳೆಯ ಟೇಕ್ವಾಂಡೋದವನ ಒದೆ ಪಕ್ಕೆಗೆ ತಿಂದು ತಾನೇ "ಇಳಿಸಪ್ಪಾ" ಅಂದ. ಅಲ್ಲಿಂದ ತಕರಾರು ಬರಲಿಲ್ಲ.

ನಾನು ಹೊಡೆದು ನಿಂತುಬಿಡುವ ಅಭ್ಯಾಸ ಹೋಗಿಲ್ಲ. ಅದಕ್ಕೆ ಬಾಕ್ಸಿಂಗ್ ಸುತ್ತಿನಲ್ಲಿ ಹೊಡೆದ ತಕ್ಷಣ ಪಕ್ಕಕ್ಕೆ ಸರಿಯುವುದನ್ನೇ ಮಾಡುತ್ತಿದ್ದೇನೆ. ಕರಾಟೆ ಸುತ್ತಿನಲ್ಲಿ ಮಾತ್ರ ಅವರಿಗೆಲ್ಲ ನಾನು ಮೇಷ್ಟ್ರು. ಒಂದೇ ಹೆಜ್ಜೆಯಲ್ಲಿ ಒಳಗೆ ಬಂದು ಹೋಗುವುದನ್ನು ತಡೆಯಲು ಯಾರಿಗೂ ಆಗಲಿಲ್ಲ. ಹೇಳಿಕೊಳ್ಳಬಾರದು, ಆದರೂ ಹೇಳುತ್ತಿದ್ದೇನೆ.

ಮೊಣಕಾಲು ಮುಟ್ಟುವ ಆಟದಲ್ಲಿ ಐದನೆಯವನೇ ಗೆದ್ದ. ಚಿಕ್ಕಂದಿನಲ್ಲಿ ಕಬಡ್ಡಿ ಆಡುತ್ತಿದ್ದನಂತೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ ಮಾರಾಯ.

ಮೊಬೈಲ್ ಬ್ಯಾಗಿಗೆ ಹಾಕುವುದು ಅರ್ಧ ಮಾತ್ರ ಆಯಿತು. ಈಗ ಮ್ಯಾಟ್ ಎಲ್ಲಿ ಇಡುವುದು ಅನ್ನುವ ಚಿಂತೆ. ಪ್ರತಿ ವಾರ ಕೆರೆ ಹತ್ತಿರ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಪಿ.ಬಿ. ರಸ್ತೆ ಕಡೆ ಒಬ್ಬ ಗೆಳೆಯನ ಗೋಡೌನ್ ಇದೆ, ಭಾನುವಾರ ಖಾಲಿ ಇರುತ್ತದೆ. ಮೆಣಸಿನಕಾಯಿ ಘಾಟು ಬಿಟ್ಟರೆ ಜಾಗ ಚೆನ್ನಾಗಿದೆ.

ಮಂಡಕ್ಕಿ ಮಿರ್ಚಿ

ಘಾಟು ಇದ್ದರೆ ಒಳ್ಳೆಯದೇ. ಎಲ್ಲರೂ ಮೊದಲೇ ಅಳುತ್ತಿರುತ್ತಾರೆ, ಏಟಿಗೆ ಯಾರು ಅತ್ತಿದ್ದು ಅಂತ ಗೊತ್ತೇ ಆಗುವುದಿಲ್ಲ.

ದುರ್ಗದ ಕಿಕ್

ಮ್ಯಾಟ್ ಬಂದ ಮೇಲೆ ಹೇಳಿ. ನಾನೂ ನನ್ನ ಇಬ್ಬರು ಗೆಳತಿಯರೂ ಒಂದು ಭಾನುವಾರ ಬರುತ್ತೇವೆ. ಇಲ್ಲಿಂದ ಸುಮಾರು 60 ಕಿಲೋಮೀಟರ್ ಅಷ್ಟೇ. ಚೆಸ್ಟ್‌ಗಾರ್ಡ್ ನಮ್ಮ ಹತ್ತಿರ ಜಾಸ್ತಿ ಇದೆ, ನಿಮಗೂ ತರುತ್ತೇವೆ.

ಹಳೇಪೇಟೆ ಪೈಲ್ವಾನ್

ಗೋಡೌನ್ ಅಂದರೆ ನಮ್ಮ ಮನೆಗೆ ಹತ್ತಿರವೇ. ಬದಿಯಲ್ಲಿ ನಿಂತು ನೋಡುವ ಕೆಲಸ ಬೇಕಿದ್ದರೆ ನಾನು ಬರುತ್ತೇನೆ. ಬೆಳಗ್ಗೆ ಆರಕ್ಕೆ ಮೇಲೆ ಮಾಡಿ, ಅದಕ್ಕೆ ಮುಂಚೆ ಗರಡಿ ಇರುತ್ತದೆ.

ಬ್ರೌನ್‌ಬೆಲ್ಟ್ ವಿದ್ಯಾನಗರ

ಅಣ್ಣಾ, ನೀವು ಬಂದರೆ ಏಳಕ್ಕೆ ಇಟ್ಟುಕೊಳ್ಳುತ್ತೇವೆ. ದುರ್ಗದ ಅಕ್ಕ, ನೀವೂ ಬನ್ನಿ. ಚೆಸ್ಟ್‌ಗಾರ್ಡ್ ಹಂಚಿಕೊಳ್ಳಬಹುದು, ಮೌತ್‌ಗಾರ್ಡ್ ಮಾತ್ರ ಅವರವರದೇ ತನ್ನಿ. ನಮ್ಮ ಐದನೆಯವನು "ಒಂದು ಸ್ಪೇರ್ ಇದೆಯಾ?" ಅಂತ ಈಗಾಗಲೇ ಕೇಳಿದ್ದಾನೆ.